ಪರೀಕ್ಷೆಗಲ್ಲದ ಓದು: ನನ್ನ ಅನುಭವ

ಸಿಂಧನೂರಿನಲ್ಲಿ ಪದವಿ ಮುಗಿಸಿದ ಹುಡುಗನ ಕೈಯಲ್ಲಿ ಪುಸ್ತಕ ಕಂಡರೆ ಅದು ಯಾವ ಪರೀಕ್ಷೆಯದೆಂದು ಕೇಳುವುದು ವಾಡಿಕೆ. ಸಂವಿಧಾನದ 371 (ಜೆ) ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ದೊರೆತ ಮೇಲಂತೂ ಪ್ರತಿ ಮನೆಯಲ್ಲೂ ಒಬ್ಬರಾದರೂ ಎಫ್‌ಡಿಎ, ಎಸ್‌ಡಿಎ ಅಥವಾ ಪಿಎಸ್‌ಐ ಹುದ್ದೆಗೆ ಓದುತ್ತಿರುತ್ತಾರೆ. ನಾನೂ ಕೆಲವು ವರ್ಷ ಹಾಗೆಯೇ ಓದಿ, ಕೊನೆಗೆ ಆ ಪುಸ್ತಕಗಳನ್ನೆಲ್ಲ ಮತ್ತೊಬ್ಬ ಅಭ್ಯರ್ಥಿಗೆ ಅರ್ಧ ಬೆಲೆಗೆ ಕೊಟ್ಟು, ಊರ ಹೊರಗಿನ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಗುಮಾಸ್ತನಾಗಿ ಸೇರಿದೆ. ಕಥೆ, ಕಾದಂಬರಿ, ವಚನಗಳನ್ನು ಓದುವ ರೂಢಿ ನನಗೆ ಹತ್ತಿದ್ದು ಅಲ್ಲಿ, ಇಪ್ಪತ್ತೈದು ದಾಟಿದ ಮೇಲೆ.

ಓದು ಹತ್ತದಿರುವುದಕ್ಕೆ ಮೊಬೈಲೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಡ್ಡಿಯಾಗಿದ್ದದ್ದು ಪೆನ್ಸಿಲ್. ವರ್ಷಗಟ್ಟಲೆ ಗೈಡುಗಳನ್ನು ಓದಿದ ಕಣ್ಣು ಪುಟದ ಮೇಲೆ ಇಸವಿ, ಊರು, ವ್ಯಕ್ತಿಯ ಹೆಸರು ಇವನ್ನಷ್ಟೇ ಹುಡುಕುತ್ತದೆ. ಸಿಕ್ಕರೆ ಕೈ ತಾನಾಗಿ ಗೆರೆ ಎಳೆಯುತ್ತದೆ, ಸಿಗದಿದ್ದರೆ ಪುಟ ವ್ಯರ್ಥವಾಯಿತೆನ್ನಿಸುತ್ತದೆ. ಮೊದಮೊದಲು ಸಣ್ಣಕಥೆ ಓದುವಾಗಲೂ ನಾಯಕನ ತಂದೆಯ ಹೆಸರಿಗೆ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಆ ತಂದೆ ಮಗನೊಡನೆ ಮಾತು ಬಿಟ್ಟದ್ದೇಕೆ ಎಂಬುದು, ಅಂದರೆ ಕಥೆಯೇ, ಕೈಬಿಟ್ಟು ಹೋಗಿರುತ್ತಿತ್ತು. ಹೀಗಾಗಿ ಪ್ರಶ್ನೆಪತ್ರಿಕೆಯಲ್ಲಿ ಎಂದೂ ಕೇಳಲಾಗದ ಬರಹಗಳಿಂದಲೇ ಆರಂಭಿಸಬೇಕೆಂದು ನಿರ್ಧರಿಸಿದೆ. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಹಳೆಯ ‘ಸುಧಾ’ ಮತ್ತು ‘ಮಯೂರ’ ಸಂಚಿಕೆಗಳನ್ನು ತಂದು, ಅವುಗಳಲ್ಲಿಯ ಹಾಸ್ಯಲೇಖನ ಮತ್ತು ಕಥೆಗಳನ್ನು ಕೈಯಲ್ಲಿ ಏನೂ ಹಿಡಿಯದೆ ಓದತೊಡಗಿದೆ. ಓದಿದ್ದನ್ನು ಮರೆಯಲು ನನಗೆ ನಾನೇ ಅನುಮತಿ ಕೊಟ್ಟುಕೊಂಡದ್ದು ಅದೇ ಮೊದಲು, ಮತ್ತು ವಿಚಿತ್ರವೆಂದರೆ ಆಗ ಓದಿದ ಕಥೆಗಳು ಇಂದಿಗೂ ನೆನಪಿವೆ.

ವೇಬ್ರಿಡ್ಜ್ ಕೋಣೆಯ ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ಓದಿನ ಅಳತೆ ಅದರಿಂದಲೇ ಬಂದದ್ದು. ಭತ್ತ ತುಂಬಿದ ಲಾರಿ ಬಂದು ತಟ್ಟೆಯ ಮೇಲೆ ನಿಲ್ಲುತ್ತದೆ, ತುಂಬಿದ ತೂಕ ಹಿಡಿಯುತ್ತೇನೆ, ಲಾರಿ ಒಳಗೆ ಹೋಗಿ ಎಪ್ಪತ್ತೈದು ಕಿಲೋದ ಚೀಲಗಳನ್ನು ಹಮಾಲರು ಇಳಿಸುತ್ತಾರೆ, ಖಾಲಿ ಲಾರಿ ಮರಳಿ ಬಂದಾಗ ಮತ್ತೆ ತೂಗಿ ಚೀಟಿ ಕೊಡುತ್ತೇನೆ. ಈ ಎರಡು ತೂಕಗಳ ನಡುವಿನದು ನನ್ನ ಸಮಯ. ಆದರೆ ಅದು ಎಷ್ಟು ಹೊತ್ತೆಂದು ಮೊದಲೇ ತಿಳಿಯುವುದಿಲ್ಲ. ನಡುವೆ ದಲಾಲರ ಫೋನು ಬರುತ್ತದೆ, ಬೇರೆ ಲಾರಿ ಬರುತ್ತದೆ. ದಿನಕ್ಕೆ ಒಂದು ಗಂಟೆ ಎತ್ತಿಟ್ಟು, ಮೊಬೈಲ್ ಬೇರೆ ಕೋಣೆಯಲ್ಲಿರಿಸಿ ಓದಿ ಎಂಬ ಉಪದೇಶ ನನ್ನಂಥವರಿಗೆ ಸಲ್ಲುವುದಿಲ್ಲ. ಫೋನು ಬಂದಾಗ ಎತ್ತದಿದ್ದರೆ ಕೆಲಸವೇ ಹೋಗುತ್ತದೆ. ಬಿಡುವನ್ನು ಹಿಗ್ಗಿಸಲು ಸಾಧ್ಯವಿಲ್ಲದ ಮೇಲೆ ಬಿಡುವಿನ ಅಳತೆಗೆ ತಕ್ಕ ಬರಹವನ್ನು ಆರಿಸಿಕೊಳ್ಳುವುದೊಂದೇ ದಾರಿ. ಸುಗ್ಗಿಯಲ್ಲಿ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದಾಗ, ವಚನಗಳು ಮಾತ್ರ. ಒಂದು ವಚನ ಓದಿ ಮುಂದಿನ ಲಾರಿಯ ನಂಬರ್ ಬರೆದುಕೊಳ್ಳುವಷ್ಟರಲ್ಲಿ ಅದು ತಲೆಯಲ್ಲಿ ಒಮ್ಮೆ ತಿರುಗಿರುತ್ತದೆ. ಸುಗ್ಗಿ ಇಳಿದ ಮೇಲೆ ಸಣ್ಣಕಥೆ. ಕಾಲುವೆಗೆ ನೀರು ಬಂದು ನಾಟಿ ಮುಗಿದು ಗಿರಣಿ ಸುಮ್ಮನಾಗುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಾದಂಬರಿ.

ತುಂಡುತುಂಡಾಗಿ ಓದುವುದರಲ್ಲಿ ಒಂದು ತೊಡಕಿದೆ: ಮರಳಿ ಪುಸ್ತಕ ಹಿಡಿದಾಗ ಎಲ್ಲಿದ್ದೆವೆಂಬುದು ಹತ್ತುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ, ನಿಲ್ಲಿಸಿದ ಜಾಗದಿಂದ ಅರ್ಧ ಪುಟ ಹಿಂದಕ್ಕೆ ಹೋಗಿ ಓದಲಾರಂಭಿಸುವುದು. ಸಮಯ ಹಾಳು ಎನ್ನಿಸಬಹುದು. ಆದರೆ ಆ ಅರ್ಧ ಪುಟದಲ್ಲೇ ಮನಸ್ಸು ಲಾರಿಯಿಂದ ಇಳಿದು ಕಥೆಯೊಳಕ್ಕೆ ಬರುತ್ತದೆ. ಇನ್ನೊಂದು ಉಪಾಯ ತಪ್ಪಾಗಿ ಮುದ್ರಣಗೊಂಡ ತೂಕದ ಚೀಟಿಗಳದ್ದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದಾಗ ಪಾತ್ರಗಳ ಸಂಖ್ಯೆಗೇ ಬೆದರಿದ್ದೆ. ಹಾಳಾದ ಚೀಟಿಯೊಂದರ ಬೆನ್ನಿಗೆ ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹೂವಳ್ಳಿ ಎಂದು ಬರೆದು, ಹೊಸಬರು ಬಂದಂತೆಲ್ಲ ಅವರವರ ಊರಿನ ಕೆಳಗೆ ಹೆಸರು ಸೇರಿಸುತ್ತ ಹೋದೆ. ಮುಂಭಾಗದಲ್ಲಿ ಯಾವುದೋ ಟ್ರ್ಯಾಕ್ಟರಿನ ತೂಕ, ಹಿಂಭಾಗದಲ್ಲಿ ಗುತ್ತಿ, ತಿಮ್ಮಿ, ಐತ, ಪೀಂಚಲು. ಇಲ್ಲಿಯೂ ಬರೆಯುವುದು ಹೆಸರುಗಳನ್ನೇ, ಆದರೆ ಪರೀಕ್ಷೆಗಲ್ಲ, ದಾರಿ ತಪ್ಪದಿರಲು. ಮಳೆ, ಕಾಡು, ಜಿಗಣೆಗಳ ಆ ಸೀಮೆ ನಮ್ಮ ಎರೆಭೂಮಿಯವನಿಗೆ ಪರದೇಶವೇ ಸರಿ. ಅರ್ಧದಷ್ಟು ಗಿಡಮರಗಳ ಹೆಸರು ತಿಳಿಯದೆಯೇ ಓದಿ ಮುಗಿಸಿದೆ, ಅದರಿಂದ ಏನೂ ಕೆಡಲಿಲ್ಲ.

ಆ ಕಾದಂಬರಿಗೆ ಬೇಕಾದಷ್ಟು ಬಿಡುವು ಸಿಕ್ಕ ಕಾರಣವನ್ನೂ ಹೇಳುವುದು ನ್ಯಾಯ. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬದೆ, ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆ ಇಲ್ಲವಾಯಿತು. ಮುಂದಿನ ಬೇಸಿಗೆಯಲ್ಲಿ ಲಾರಿಗಳಿಂದ ಗಿಜಿಗುಡಬೇಕಿದ್ದ ಅಂಗಳ ಖಾಲಿಯಿತ್ತು. ನನ್ನ ಸಂಬಳ ನಿಲ್ಲಲಿಲ್ಲ. ಚೀಲದ ಲೆಕ್ಕಕ್ಕೆ ದುಡಿಯುವ ಹಮಾಲರ ಕೂಲಿ ನಿಂತಿತು. ಓದಿಗೆ ಮನಸ್ಸೊಂದಿದ್ದರೆ ಸಾಕು ಎಂದು ಯಾರಾದರೂ ಹೇಳಿದಾಗ ನನಗೆ ಆ ಅಂಗಳ ನೆನಪಾಗುತ್ತದೆ. ತಿಂಗಳ ಸಂಬಳ, ನೆರಳು, ಫ್ಯಾನು ಇರುವವನಿಗೆ ಹವ್ಯಾಸ ಬೆಳೆಸಿಕೊಳ್ಳುವುದು ಸುಲಭ.

ಪರೀಕ್ಷೆಯ ಓದಿಗೂ ಈ ಓದಿಗೂ ಇರುವ ಅಂತರ ನನಗೆ ಸ್ಪಷ್ಟವಾದದ್ದು ಆಯ್ದಕ್ಕಿ ಲಕ್ಕಮ್ಮನ ವಚನಗಳಿಂದ. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬುದು ನನಗೆ ಒಂದು ಅಂಕದ ಉತ್ತರವಾಗಿ ಬಾಯಿಪಾಠವಿತ್ತು. ಆ ಅಮರೇಶ್ವರ ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನದೇ ಎಂಬುದೂ ಗೊತ್ತಿತ್ತು. ಆದರೆ ವಚನವನ್ನು ಓದಿರಲಿಲ್ಲ. ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಲಕ್ಕಮ್ಮನ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಇದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಗಂಡನನ್ನು ಗದರುತ್ತಾಳೆ. ಇದನ್ನು ನಾನು ಓದಿದ್ದು ವೇಬ್ರಿಡ್ಜ್ ಕೋಣೆಯ ಕಿಟಕಿಯ ಪಕ್ಕದಲ್ಲಿ. ಹೊರಗೆ, ಚೀಲದ ತೂತಿನಿಂದ ಸೋರಿದ ಭತ್ತವನ್ನು ಇಬ್ಬರು ಹೆಂಗಸರು ಕಸಬರಿಗೆಯಿಂದ ಗುಡ್ಡೆ ಮಾಡಿ, ಮಣ್ಣಿನ ಹೆಂಟೆಗಳನ್ನು ಬೆರಳಿನಿಂದ ಆರಿಸಿ ಎಸೆದು, ಮೊರಕ್ಕೆ ತುಂಬಿ ಕೇರುತ್ತಿದ್ದರು; ಧೂಳು ಗಾಳಿಗೆ ಹಾರಿ ಕಾಳು ಮೊರದಲ್ಲಿ ಉಳಿಯುತ್ತಿತ್ತು. ಒಂದು ಅಂಕಕ್ಕೆ ಕಲಿತ ಹೆಸರಿನ ಹಿಂದೆ ಇಂಥದೇ ಒಂದು ಅಂಗಳವೂ, ಮೊರ ಹಿಡಿದ ಒಬ್ಬ ಹೆಂಗಸಿನ ಸಿಟ್ಟೂ ಇತ್ತೆಂಬುದು ಅಂದು ಹೊಳೆಯಿತು. ಆ ಮೇಲೆ ಮಸ್ಕಿಗೂ ಹೋಗಿ ಬಂದೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿತೆಂದು ಎಷ್ಟೋ ಸಲ ಬರೆದವನು ನಾನು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮದ ಫಲ ದಕ್ಕುತ್ತದೆ ಎಂದು ಆ ಬಂಡೆ ಹೇಳುತ್ತದೆಂಬುದನ್ನು ಯಾವ ಗೈಡೂ ನನಗೆ ತಿಳಿಸಿರಲಿಲ್ಲ.

ಪುಸ್ತಕಗಳಿಗೆ ನಾನು ಹೆಚ್ಚು ಖರ್ಚು ಮಾಡಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯೊಂದಿಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ; ಮನೆಯ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಈಗಾಗಲೇ ಗ್ರಂಥಾಲಯಕ್ಕೆ ಹಣ ಕೊಟ್ಟಿರುವವರೇ. ಅಲ್ಲಿಯ ಮೇಜುಗಳೆಲ್ಲ ಪರೀಕ್ಷಾರ್ಥಿಗಳಿಂದ ತುಂಬಿದ್ದರೂ ಹಿಂದಿನ ಕಥೆ–ಕಾದಂಬರಿಗಳ ಕಪಾಟಿನ ಮುಂದೆ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಸದಸ್ಯನಾಗಿ ಮನೆಗೆ ಎರವಲು ತರುವುದೇ ಮೇಲು, ಅಲ್ಲಿ ಕುಳಿತರೆ ಸುತ್ತಲಿನವರ ಗಡಿಬಿಡಿ ನಮಗೂ ಅಂಟುತ್ತದೆ. ಕೊಳ್ಳಲೇಬೇಕೆನಿಸಿದರೆ ಕನ್ನಡ ಪುಸ್ತಕ ಪ್ರಾಧಿಕಾರದ ಮತ್ತು ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆಗಳು ರಿಯಾಯಿತಿಯಲ್ಲಿ ಸಿಗುವಾಗ ಕೊಳ್ಳುತ್ತೇನೆ. ಹಿಡಿಸದ ಪುಸ್ತಕವನ್ನು ನಡುವೆಯೇ ಬಿಡುತ್ತೇನೆ. ವರ್ಷಕ್ಕೆ ಇಷ್ಟು ಪುಸ್ತಕ ಎಂಬ ಪಣ ತೊಡುವವರನ್ನು ಕಂಡರೆ ನನಗೆ ಹಳೆಯ ಕೋಚಿಂಗ್ ದಿನಗಳೇ ನೆನಪಾಗುತ್ತವೆ.

ಈಚೆಗೆ ಓದು ಕೋಣೆಯಿಂದ ಹೊರಗೂ ಬಂದಿದೆ. ಚೀಟಿಗಾಗಿ ಕಾಯುತ್ತಿದ್ದ ಚಾಲಕನೊಬ್ಬ “ಯಾವ ಪರೀಕ್ಷಾಕ್ಕ ಓದಾಕತ್ತೀಯಪ್ಪಾ?” ಎಂದಾಗ, ಯಾವುದಕ್ಕೂ ಅಲ್ಲ ಎಂದೆ, ಹಾಗಾದರೆ ಅದರಲ್ಲೇನಿದೆ ಹೇಳು ಎಂದು ಕುಳಿತೇ ಬಿಟ್ಟ. ಅಂದಿನಿಂದ ಊಟದ ಬಿಡುವಿನಲ್ಲಿ ಆಗಾಗ ಹಮಾಲರಿಗೂ ಚಾಲಕರಿಗೂ ಗಟ್ಟಿಯಾಗಿ ಓದುತ್ತೇನೆ. ಲಕ್ಕಮ್ಮನ ಪ್ರಸಂಗ ಹೇಳಿದಾಗ ಹಿರಿಯ ಹಮಾಲರೊಬ್ಬರು, ಅಕ್ಕಿ ಮರಳಿಸಿದ್ದು ಸರಿಯೇ, ಆದರೆ ಸುಗ್ಗಿ ಇಲ್ಲದ ತಿಂಗಳಲ್ಲಿ ಅವರು ಏನು ಉಂಡರು ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಉಳಿದವರು ಊಟ ಮುಗಿಯುವವರೆಗೂ ಅದರ ಮೇಲೆಯೇ ವಾದ ನಡೆಸಿದರು. ಸಂಭಾಷಣೆ ಹೆಚ್ಚಿರುವ ಕಥೆಗಳು ಅಲ್ಲಿ ನಿಲ್ಲುತ್ತವೆ, ಸಂಜೆಯ ಆಕಾಶವನ್ನು ಪುಟಗಟ್ಟಲೆ ಬಣ್ಣಿಸುವವು ಬಿದ್ದುಹೋಗುತ್ತವೆ. ಹೀಗಾಗಿ ಕಪಾಟಿನ ಮುಂದೆ ನಿಂತು ಪುಸ್ತಕ ಆರಿಸುವಾಗ ಈಗ ಮೊದಲು ನಡುವಿನ ಒಂದು ಪುಟ ತೆರೆದು, ಪಾತ್ರಗಳು ಒಂದರೊಡನೊಂದು ಮಾತನಾಡುತ್ತಿವೆಯೇ ಎಂದು ನೋಡಿಕೊಳ್ಳುತ್ತೇನೆ.