ಸಂಬಳ ಏರಿತೆಂದು ಐಬಿಆರ್ ಬಿಡಬೇಡಿ: ಅಮೆರಿಕದ ವೈದ್ಯರ ಸಾಲದ ಲೆಕ್ಕ

ನನ್ನ ಅಕ್ಕನ ಮಗಳು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಈಗ ಹೃದ್ರೋಗ ತಜ್ಞೆ. ಫೆಡರಲ್ ಶಿಕ್ಷಣ ಸಾಲ 2.5 ಲಕ್ಷ ಡಾಲರ್, ಬರಲಿರುವ ಸಂಬಳ ವರ್ಷಕ್ಕೆ 4 ಲಕ್ಷ. "ಇಷ್ಟು ದುಡಿಯೋಳಿಗೆ ಆದಾಯ ನೋಡಿ ಕಟ್ಟೋ ಕಂತು ಯಾಕೆ ಅಂತಾರೆ ಎಲ್ಲರೂ, ಏನ್ ಮಾಡ್ಲಿ ಚಿಕ್ಕಮ್ಮ?" ಎಂದು ಕೇಳಿದಳು. ಆದಾಯ ನೋಡಿ ಕಂತು ನಿಗದಿ ಮಾಡುವ ಆ ಫೆಡರಲ್ ಯೋಜನೆಯೇ ಐಬಿಆರ್. ಬಿಡಬೇಡ ಎಂದೆ.

ಮೊದಲು ನೋಡಬೇಕಾದದ್ದು ಸಂಬಳ ಕೊಡುವವರು ಯಾರು ಎಂಬುದನ್ನು. ಸಾರ್ವಜನಿಕ ಸೇವೆಯಲ್ಲಿರುವವರ ಸಾಲ ಮನ್ನಾಕ್ಕೆಂದು 2007ರ ಕಾನೂನಿನಿಂದ ಬಂದ ಪಿಎಸ್‌ಎಲ್‌ಎಫ್ ಯೋಜನೆಯಲ್ಲಿ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿಯುತ್ತಾ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ, ಅದಕ್ಕೆ ಫೆಡರಲ್ ತೆರಿಗೆಯೂ ಇಲ್ಲ. ಅವಳ ನೇಮಕಾತಿ ಪತ್ರವನ್ನು ಫೋನಿನ ಕ್ಯಾಮೆರಾ ಮುಂದೆ ಹಿಡಿಸಿದೆ. ಆಸ್ಪತ್ರೆ ಲಾಭರಹಿತವೇ, ಆದರೆ ಸಂಬಳದ ಸಾಲಿನಲ್ಲಿದ್ದದ್ದು ಒಂದು ಖಾಸಗಿ ವೈದ್ಯರ ಕಂಪನಿಯ ಹೆಸರು! ಅಂಥ ನೌಕರಿ ಈ ಮನ್ನಾಕ್ಕೆ ಲೆಕ್ಕವಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಕಡೆ ಇದಕ್ಕೆ ವಿನಾಯಿತಿ ಇದೆ, ಅವಳಿರುವ ರಾಜ್ಯದಲ್ಲಿ ಇಲ್ಲ. ಸಹಿ ಹಾಕುವ ಮೊದಲೇ ಆಸ್ಪತ್ರೆಯ ನೇರ ನೌಕರಿ ಕೇಳು ಎಂದೆ. ಕೇಳಿದಳು, ಸಿಕ್ಕಿತು.

ಇನ್ನು ಕಂತು. 2014ರ ಜುಲೈ 1ರ ನಂತರ ಮೊದಲ ಸಾಲ ಪಡೆದವರಿಗೆ ಐಬಿಆರ್ ಕಂತು ಹೀಗೆ: ಆದಾಯದಲ್ಲಿ ಬಡತನ ರೇಖೆಯ ಒಂದೂವರೆ ಪಟ್ಟು ಕಳೆದು, ಉಳಿದದ್ದರ ಶೇ 10. 2025ರ ರೇಖೆ ಒಬ್ಬರಿಗೆ 15,650 ಡಾಲರ್. ಅವಳ ಲೆಕ್ಕ ತಿಂಗಳಿಗೆ ಸುಮಾರು 3,138 ಡಾಲರ್ ಆಗುತ್ತದೆ. ಆದರೆ ಐಬಿಆರ್‌ಗೆ ಒಂದು ಮೇಲ್ಮಿತಿ ಇದೆ: ಯೋಜನೆಗೆ ಸೇರಿದಾಗಿನ ಸಾಲವನ್ನು 10 ವರ್ಷದಲ್ಲಿ ತೀರಿಸುವ ಕಂತಿಗಿಂತ ಹೆಚ್ಚು ಕೇಳುವಂತಿಲ್ಲ. ಶೇ 6ರ ಬಡ್ಡಿಗೆ ಅದು ಸುಮಾರು 2,775. ಸಂಬಳ 10 ಲಕ್ಷವಾದರೂ ಅಷ್ಟೇ. ತರಬೇತಿಯ ಆರು ವರ್ಷದಲ್ಲಿ ಸಣ್ಣ ಸಂಬಳದ ಮೇಲೆ 72 ಕಂತು ಮುಗಿಸಿದ್ದಾಳೆ, ಉಳಿದದ್ದು 48. ಅಂದರೆ ಇನ್ನು 1.33 ಲಕ್ಷ ಕಟ್ಟಿದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮನ್ನಾ ಆಗುತ್ತದೆ.

2026ರ ಜುಲೈ 1ರಿಂದ ಬರುವ ರ‍್ಯಾಪ್ ಎಂಬ ಹೊಸ ಮರುಪಾವತಿ ಯೋಜನೆಯಲ್ಲಿ ಈ ಮೇಲ್ಮಿತಿ ಇಲ್ಲ. ಇದೇ ಆದಾಯಕ್ಕೆ ಅಲ್ಲಿ ತಿಂಗಳಿಗೆ 3,333 ಡಾಲರ್. ಆ ದಿನದ ನಂತರ ಹೊಸ ಫೆಡರಲ್ ಸಾಲ ಪಡೆದರೆ, ಹಳೆಯ ಸಾಲಗಳನ್ನು ಒಟ್ಟುಗೂಡಿಸಿದರೂ ಸಹ, ಐಬಿಆರ್ ಕೈತಪ್ಪುತ್ತದೆ. ಎಚ್ಚರ.

ಸ್ವಂತ ಕ್ಲಿನಿಕ್ ಇಡುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಪಿಎಸ್‌ಎಲ್‌ಎಫ್ ಇಲ್ಲದೆ ಇಷ್ಟು ಸಂಬಳದವರ ಸಾಲ, ಐಬಿಆರ್‌ನಲ್ಲೇ ಸಿಗುವ ಮನ್ನಾದ ವರ್ಷ ಬರುವ ಮೊದಲೇ ತೀರಿಹೋಗುತ್ತದೆ. ಕಡಿಮೆ ಬಡ್ಡಿಗೆ ಖಾಸಗಿ ಬ್ಯಾಂಕಿಗೆ ವರ್ಗಾಯಿಸಿ ಬೇಗ ಮುಗಿಸಿ. ಒಮ್ಮೆ ಹೋದರೆ ಫೆಡರಲ್ ಸೌಲಭ್ಯಕ್ಕೆ ಮರಳುವ ದಾರಿ ಇಲ್ಲ.

ಮದುವೆಯಾದವರು ತೆರಿಗೆ ವಿವರವನ್ನು ಬೇರೆ ಬೇರೆ ಸಲ್ಲಿಸಿದರೆ ಸಂಗಾತಿಯ ಆದಾಯ ಕಂತಿನ ಲೆಕ್ಕಕ್ಕೆ ಬರುವುದಿಲ್ಲ, ಆದರೆ ತೆರಿಗೆ ಏರಬಹುದು. ಎರಡನ್ನೂ ಲೆಕ್ಕ ಹಾಕಿ ನೋಡಿ.

ಆದಾಯದ ವಿವರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಉದ್ಯೋಗದಾತರಿಂದ ಪಿಎಸ್‌ಎಲ್‌ಎಫ್ ನಮೂನೆಗೆ ಸಹಿಯನ್ನೂ ಅದೇ ವಾರ ಮಾಡಿಸಿ, ಎಷ್ಟು ಕಂತು ಲೆಕ್ಕಕ್ಕೆ ಸೇರಿದೆ ಎಂಬ ಪುಟವನ್ನು ಪ್ರಿಂಟ್ ತೆಗೆದಿಡಿ.