ಒಂದೇ ಮೊಬೈಲಿನಲ್ಲಿ ತ್ರೀಡಿ ಜೋಡಿ ಫೋಟೊ: ಮೂವತ್ತರ ಲೆಕ್ಕ

ಎಡಗಾಲ ಮೇಲೆ ಭಾರ ಹಾಕಿ ಒಂದು ಫೋಟೊ, ಮೊಬೈಲ್ ಓರೆ ಮಾಡದೆ, ತಿರುಗಿಸದೆ ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು. ಇಷ್ಟೇ. ಮೊದಲನೆಯದು ಎಡಗಣ್ಣಿಗೆ, ಎರಡನೆಯದು ಬಲಗಣ್ಣಿಗೆ; ಜೋಡಿಸಿ ನೋಡಿದರೆ ಆಳ ಕಾಣುತ್ತದೆ. ಸರಿಯುವ ಅಂತರ, ಫ್ರೇಮಿನಲ್ಲಿ ಎಲ್ಲಕ್ಕಿಂತ ಹತ್ತಿರ ಇರುವ ವಸ್ತುವಿನ ದೂರದ ಸುಮಾರು 30ರಲ್ಲಿ ಒಂದು ಪಾಲು ಇರಲಿ. 2 ಮೀಟರ್ ಆಚೆಯ ಒಗ್ಗರಣಿ-ಮಿರ್ಚಿ ಬಂಡಿಗೆ 6–7 ಸೆಂ.ಮೀ. ಸಾಕು, ಅದು ಹೆಚ್ಚುಕಡಿಮೆ ನಮ್ಮ ಎರಡು ಕಣ್ಣುಗಳ ನಡುವಿನ ಅಂತರವೇ. ಮಿದುಳು ಆಳ ಲೆಕ್ಕ ಹಾಕುವುದು ಆ ಎರಡು ನೋಟಗಳ ವ್ಯತ್ಯಾಸದಿಂದ. ತಟ್ಟೆಯ ಮಿರ್ಚಿಯನ್ನು 30 ಸೆಂ.ಮೀ.ನಿಂದ ತೆಗೆಯುವಾಗ 1 ಸೆಂ.ಮೀ. ದಾಟಿದರೆ ನೋಡುವವರ ಕಣ್ಣು ನೋಯುತ್ತದೆ. ಆನೆಗುಂದಿಯ ಬಂಡೆಗುಡ್ಡ 60 ಮೀಟರ್ ದೂರವಿದ್ದರೆ 2 ಮೀಟರ್ ಪಕ್ಕಕ್ಕೆ ನಡೆಯಲೇಬೇಕು, ಇಲ್ಲವಾದರೆ ಬರೀ ಚಪ್ಪಟೆ. ಆದರೆ ಆಗ ಮುಂದೆ ಜಾಲಿಗಿಡದ ಒಂದು ಟೊಂಗೆಯೂ ಅಡ್ಡ ಬರಬಾರದು. ಮೊದಲ ಫೋಟೊಗೆ ಮುನ್ನ ಪರದೆ ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಅಲುಗುವ ವಸ್ತುವಿಗೆ ಇದು ಆಗದು: ಬಾಣಲೆಯ ಹೊಗೆ, ತುಂಗಭದ್ರೆಯ ಅಲೆ, ಹರಿಗೋಲು, ಸಂತೆಯ ಜನ ಎಲ್ಲ ಎರಡೆರಡಾಗಿ ಮಿನುಗುತ್ತವೆ. ಜೋಡಿಸುವಾಗ ಎತ್ತರದ ಸಣ್ಣ ಏರುಪೇರನ್ನು ಉಚಿತವಾಗಿ ಸಿಗುವ ಸ್ಟೀರಿಯೊ ಫೋಟೊ ಮೇಕರ್ ಎಂಬ ಕಂಪ್ಯೂಟರ್ ತಂತ್ರಾಂಶ ಸರಿಮಾಡುತ್ತದೆ. ಗುಂಡಿ ಉಬ್ಬಾಗಿ, ಉಬ್ಬು ಗುಂಡಿಯಾಗಿ ಕಂಡರೆ ಎಡ-ಬಲ ಅದಲುಬದಲಾಗಿದೆ ಅಂತ ಅರ್ಥ.