ಹಳೆಯ ಸೆಸ್ನಾ ವಿಮಾನಕ್ಕೆ ನಾನು ಬೆಲೆ ಕಟ್ಟಿದ್ದು

ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತು ಖಾಸಗಿ ಪೈಲಟ್ ಪರವಾನಗಿ ಪಡೆದ ಮೇಲೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಹಾರುವುದಕ್ಕಿಂತ ನಮ್ಮದೇ ಒಂದು ಸಣ್ಣ ವಿಮಾನ ಇದ್ದರೆ ಹೇಗೆ ಎಂಬ ಮಾತು ನನ್ನ, ನನ್ನ ಭಾವನ ಮತ್ತು ಶಿವಮೊಗ್ಗದ ಒಬ್ಬ ಸ್ನೇಹಿತರ ನಡುವೆ ಆಗಾಗ ಬರುತ್ತಿತ್ತು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ಮಾತಿಗೆ ಮತ್ತಷ್ಟು ರೆಕ್ಕೆ ಬಂತು. ಕೊನೆಗೆ ನಾವು ನೋಡಲು ಹೋದದ್ದು ಹೊರರಾಜ್ಯದ ಒಂದು ತರಬೇತಿ ಸಂಸ್ಥೆ ಮಾರಾಟಕ್ಕಿಟ್ಟಿದ್ದ 1982ರ ಸೆಸ್ನಾ 172ಪಿ ವಿಮಾನವನ್ನು. ನಾಲ್ಕು ಆಸನ, 160 ಅಶ್ವಶಕ್ತಿಯ ಲೈಕಮಿಂಗ್ ಓ-320 ಎಂಜಿನ್. ಕೇಳಿದ ಬೆಲೆ 65 ಲಕ್ಷ.

ವಿಮಾನ ನೋಡಲು ಚೆನ್ನಾಗಿಯೇ ಇತ್ತು. ಹೊಸ ಬಣ್ಣ, ಹೊಸ ಸೀಟು ಬಟ್ಟೆ. ಆದರೆ ನಮ್ಮ ತೀರ್ಥಹಳ್ಳಿ ಕಡೆ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಅಡಿಕೆ ತೋಟ ಹಿಡಿಯುವವನು ಬೇಲಿಯ ಅಂದ ನೋಡದೆ ತಲೆಯೆತ್ತಿ ಅಡಿಕೆ ಕೊನೆ ಎಣಿಸುವಂತೆ, ನನ್ನ ಜೊತೆ ಬಂದಿದ್ದ ನಿರ್ವಹಣಾ ಎಂಜಿನಿಯರ್ ವಿಮಾನದ ಹತ್ತಿರಕ್ಕೂ ಹೋಗದೆ ಮೊದಲು ಹಾರಾಟ, ರಿಪೇರಿಗಳನ್ನು ಬರೆದಿಡುವ ಲಾಗ್‌ಬುಕ್ಕುಗಳನ್ನು ಕೇಳಿದರು. ಆ ದಿನ ಮಧ್ಯಾಹ್ನದವರೆಗೆ ನಾವಿಬ್ಬರೂ ಮಾಡಿದ್ದು ಓದುವ ಕೆಲಸ ಮಾತ್ರ.

ಇಂಥ ಎಂಜಿನ್ನಿನ ಆಯಸ್ಸನ್ನು ತಯಾರಕರು ಎರಡು ರೀತಿಯಲ್ಲಿ ಅಳೆಯುತ್ತಾರೆ: 2,000 ಗಂಟೆಗಳ ಓಟ ಅಥವಾ 12 ವರ್ಷ, ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಆಗ ಪೂರ್ತಿ ಓವರ್‌ಹಾಲ್, ಅಂದರೆ ಎಂಜಿನ್ ಬಿಚ್ಚಿ ಸವೆದದ್ದನ್ನು ಬದಲಿಸಿ ಮರುಜೋಡಿಸುವ ಕೆಲಸ. ಈ ಎಂಜಿನ್ ಓವರ್‌ಹಾಲ್ ಆದ ಮೇಲೆ ಓಡಿದ್ದು 900 ಗಂಟೆ ಮಾತ್ರ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಆಯಸ್ಸು ಉಳಿದಿದೆ ಎಂಬುದು ಮಾರುವವರ ವಾದ. ಓವರ್‌ಹಾಲ್‌ಗೆ ನನಗೆ ಸಿಕ್ಕ ಅಂದಾಜು 36 ಲಕ್ಷ. ಅದನ್ನು 2,000ದಿಂದ ಭಾಗಿಸಿದರೆ ಗಂಟೆಗೆ 1,800 ರೂಪಾಯಿ, 900 ಗಂಟೆಗೆ 16.2 ಲಕ್ಷ ಸವೆದಂತಾಯಿತು. ಹೊಸದಾಗಿ ಓವರ್‌ಹಾಲ್ ಆದ ಎಂಜಿನ್ ಇರುವ ಇದೇ ಮಾದರಿಗೆ ನಾನು ವಿಚಾರಿಸಿದಂತೆ ಸುಮಾರು 82 ಲಕ್ಷದ ಬೆಲೆ ಇದ್ದುದರಿಂದ, ಅವರ 65 ಲಕ್ಷ ಈ ಲೆಕ್ಕದಿಂದಲೇ ಹುಟ್ಟಿದ್ದು ಎಂಬುದು ಅರ್ಥವಾಯಿತು. ಆದರೆ ಓವರ್‌ಹಾಲ್ ಆಗಿ 11 ವರ್ಷ ಕಳೆದಿತ್ತು. ವರ್ಷದ ಲೆಕ್ಕ ಹಿಡಿದರೆ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ 33 ಲಕ್ಷ, ಈಗಾಗಲೇ ಸವೆದಿದೆ. ಒಂದೇ ಎಂಜಿನ್, ಎರಡು ಲೆಕ್ಕ, ನಡುವೆ ಹದಿನೇಳು ಲಕ್ಷದಷ್ಟು ಅಂತರ.

ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬಿದ್ದದ್ದು, ಕೊನೆಯ ಮೂರು ವರ್ಷಗಳಲ್ಲಿ ಅದು ಹಾರಿದ್ದು ಬರೀ 22 ಗಂಟೆ ಎಂಬುದು. ತಿಂಗಳಿಗೊಮ್ಮೆ ತಪ್ಪದೆ ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದೆವು ಎಂದು ಅವರು ಹೆಮ್ಮೆಯಿಂದ ಹೇಳಿದರು. ಮಳೆಗಾಲದಲ್ಲಿ ಬೀರುವಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನವನಿಗೆ ಆ ಹೆಮ್ಮೆ ಹಿಡಿಸಲಿಲ್ಲ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆಯಲ್ಲಿನ ನೀರಿನ ಅಂಶ ಆವಿಯಾಗಿ ಹೋಗುವಷ್ಟು ಬಿಸಿ ಏರುವುದಿಲ್ಲ. ಬದಲಿಗೆ ಉರಿದ ಇಂಧನದಿಂದ ಬಂದ ತೇವವೇ ಒಳಗೆ ಸೇರಿಕೊಳ್ಳುತ್ತದೆ. ಲೈಕಮಿಂಗ್ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಸುವ ಉಕ್ಕಿನ ದಂಡವಾದ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ, ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಮೊದಲು ತುಕ್ಕು ಹಿಡಿಯುವುದು ಆ ಕ್ಯಾಮ್‌ಶಾಫ್ಟಿಗೇ.

ಮಧ್ಯಾಹ್ನದ ನಂತರ ಎಂಜಿನ್ ಬಿಸಿ ಮಾಡಿ ಕಂಪ್ರೆಷನ್ ನೋಡಿದೆವು. ಸಿಲಿಂಡರಿಗೆ ಕೊಟ್ಟ ಗಾಳಿಯ ಒತ್ತಡ 80 ಇದ್ದರೆ ಒಳಗೆ ಉಳಿದದ್ದು 74, 72, 75, 71. ನಾಲ್ಕೂ ಸಿಲಿಂಡರ್ ಉತ್ತಮ. ಮಾರುವವರ ಮುಖ ಅರಳಿತು. ಆದರೆ ಈ ಪರೀಕ್ಷೆ ತಿಳಿಸುವುದು ಪಿಸ್ಟನ್ ರಿಂಗು ಮತ್ತು ವಾಲ್ವುಗಳ ಸ್ಥಿತಿಯನ್ನೇ ಹೊರತು ಕ್ಯಾಮ್‌ಶಾಫ್ಟಿನದನ್ನಲ್ಲ. ಎಂಜಿನಿಯರ್ ಎಣ್ಣೆ ಫಿಲ್ಟರನ್ನು ಬಿಚ್ಚಿ, ಅದರ ಡಬ್ಬಿಯನ್ನು ಸುತ್ತಲೂ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿ ಬಿಡಿಸಿ ಹರಡಿದರು. ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಿಗೆ ತಂದು ಬಿಸಿಲಿಗೆ ಓರೆ ಹಿಡಿದಾಗ ಮಡಿಕೆಗಳ ಸಂದಿನಲ್ಲಿ ಸಣ್ಣ ಸಣ್ಣ ಚೂರುಗಳು ಮಿನುಗಿದವು. ಜೇಬಿನಿಂದ ಅಯಸ್ಕಾಂತ ತೆಗೆದು ಮೆಲ್ಲಗೆ ಎಳೆದರು; ಚೂರುಗಳು ಮೀಸೆಯಂತೆ ಅಂಟಿಕೊಂಡು ಬಂದವು. "ಅಲ್ಯೂಮಿನಿಯಂ ಆಗಿದ್ರೆ ಅಂಟ್ತಿರ್ಲಿಲ್ಲ ಮಾರಾಯ್ರೇ, ಇದು ಕಬ್ಬಿಣ" ಎಂದರು. ಅಂದರೆ ಕ್ಯಾಮ್‌ಶಾಫ್ಟೇ ಸವೆಯುತ್ತಿರುವ ಗುಮಾನಿ. ನನ್ನ ಲೆಕ್ಕದಲ್ಲಿ ಆ ಎಂಜಿನ್ನಿಗೆ ಉಳಿದಿದ್ದ ಮೂರು ಲಕ್ಷವೂ ಅಲ್ಲಿಗೆ ಸೊನ್ನೆಯಾಯಿತು.

ಉಳಿದದ್ದು ಒಡಲು. ಬಾಲದ ತಳದ ತಪಾಸಣಾ ಮುಚ್ಚಳ ತೆಗೆದಾಗ ಹುಲ್ಲು, ಚಿಂದಿಯ ಇಲಿಗೂಡೊಂದು ಸಿಕ್ಕಿತು. ಇಲಿಯ ಮೂತ್ರ ಬಿದ್ದ ಕಡೆ ಅಲ್ಯೂಮಿನಿಯಂ ತಗಡು ಬಿಳಿ ಪುಡಿ ಎದ್ದು ಉಬ್ಬಿತ್ತು. ಹೊಸ ಬಣ್ಣ ಬಳಿದವರು ಒಳಗೆ ಕೈ ಹಾಕಿರಲಿಲ್ಲ. ಪೈಲಟ್ ಸೀಟು ಜಾರುವ ಹಳಿಯ ತೂತುಗಳು ಉದ್ದುದ್ದ ಸವೆದಿದ್ದವು. ಇದನ್ನು ಚಿಲ್ಲರೆ ಎನ್ನಲಾಗದು, ಏಕೆಂದರೆ ವಿಮಾನ ಮೇಲೇರುವಾಗ ಸೀಟು ಹಿಂದಕ್ಕೆ ಜಾರಿ ಅಪಘಾತಗಳಾದ ಕಾರಣ, ಈ ಹಳಿಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ 1987ರಲ್ಲೇ ಕಡ್ಡಾಯ ಆದೇಶ ಹೊರಡಿಸಿ 2011ರಲ್ಲಿ ಅದನ್ನು ಪರಿಷ್ಕರಿಸಿದೆ. ಪ್ರೊಪೆಲ್ಲರ್ ನೆಲಕ್ಕೆ ಬಡಿದ ದಾಖಲೆ ಇರಲಿಲ್ಲ, ನೋಂದಣಿ ಪತ್ರ ಸರಿಯಿತ್ತು, ವಿಮಾನದ ಮೇಲೆ ಸಾಲವಿರಲಿಲ್ಲ.

ಹಾಗಾಗಿ 82ರಲ್ಲಿ ಎಂಜಿನ್ನಿನ 36 ಕಳೆದು, ಬಾಲದ ತಗಡು, ಸೀಟಿನ ಹಳಿ, ಪ್ರೊಪೆಲ್ಲರ್ ಕೆಲಸಕ್ಕೆಂದು ಮತ್ತೆ ನಾಲ್ಕೂವರೆ ಕಳೆದು 41.5 ಲಕ್ಷಕ್ಕೆ ಕೇಳಿದೆ. ಅವರು ಸಿಟ್ಟಾದರು. ಫಿಲ್ಟರಿನ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಜಿನ ಮೇಲೆಯೇ ಬಿಟ್ಟು ಊರಿಗೆ ಮರಳಿದೆವು. ಮೂರು ವಾರದ ಬಳಿಕ ಅವರೇ ಫೋನ್ ಮಾಡಿದರು. 43ಕ್ಕೆ ಮಾತು ಮುಗಿಯಿತು.

ಸೋಗಾನೆಯ ರನ್‌ವೇ ಎಷ್ಟೇ ಉದ್ದವಿರಲಿ, ಮಲೆನಾಡಿನ ಮಳೆಗೆ ಈ ವಿಮಾನವನ್ನು ಬಯಲಲ್ಲಿ ನಿಲ್ಲಿಸುವ ಧೈರ್ಯ ನನಗಿಲ್ಲದ ಕಾರಣ, ಖರೀದಿಗೆ ಮುಂಚೆಯೇ ಜಕ್ಕೂರಿನ ಹ್ಯಾಂಗರ್ ಬಾಡಿಗೆಯನ್ನು ವರ್ಷದ ಖರ್ಚಿಗೆ ಸೇರಿಸಿಕೊಂಡಿದ್ದೆವು. ಎಂಜಿನ್ ಬಿಚ್ಚಿದಾಗ ಕ್ಯಾಮ್‌ಶಾಫ್ಟಿನ ಎರಡು ಉಬ್ಬುಗಳು ದುಂಡಗೆ ಸವೆದಿದ್ದವು, ಅವುಗಳನ್ನು ಒತ್ತಿ ನಿಂತ ಲಿಫ್ಟರುಗಳ ಮುಖ ಸಿಡುಬು ಎದ್ದಂತೆ ಕಿತ್ತುಹೋಗಿತ್ತು. ಓವರ್‌ಹಾಲ್‌ಗೆ ತಗುಲಿದ್ದು 38.4 ಲಕ್ಷ; ಬಿಡಿಭಾಗಗಳು ಬರುವಷ್ಟರಲ್ಲಿ ಡಾಲರ್ ಏರುತ್ತದೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಆ ಎರಡು ಚಿಲ್ಲರೆ ಲಕ್ಷವನ್ನು ಭಾವ ಇಂದಿಗೂ ನನ್ನ ಹೆಸರಿನಲ್ಲೇ ಬರೆದಿಟ್ಟಿದ್ದಾನೆ.